ಶೇಷಾದ್ರಿಪುರದ ಕಂಪ್ಯೂಟರಿನಲ್ಲಿ ಬೂತಾಯಿ ಹಿಂಡು

ಕಂಪ್ಯೂಟರ್ ಸಾಯನ್ಸ್ ಕಲಿಯುವ ಮಕ್ಕಳಿರುವ ಮನೆಯವರಿಗೆ ‘ಮಿನಿ ಪ್ರಾಜೆಕ್ಟ್’ ಎಂಬ ಮಾತು ಹೊಸದೇನಲ್ಲ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮಗ ಫೋನ್ ಮಾಡಿ, ‘ಬಾಪ, ಪ್ರಾಜೆಕ್ಟಿಗೆ ಸ್ವಲ್ಪ ದುಡ್ಡು ಬೇಕಿತ್ತು’ ಎನ್ನುತ್ತಾನೆ. ಗಲ್ಫಿನಲ್ಲಿರುವ ಬಾಪ ಎಂತ ಪ್ರಾಜೆಕ್ಟ್, ಎಂತ ಕತೆ ಎಂದು ಕೇಳದೆ ಕಳಿಸಿಬಿಡುತ್ತಾರೆ. ಆ ದುಡ್ಡಿನಲ್ಲಿ ಬೆಂಗಳೂರಿನಲ್ಲಿ ಸಿದ್ಧ ಪ್ರಾಜೆಕ್ಟ್ ಸಿಗುತ್ತದೆ. ಕೋಡೂ ಸಿಗುತ್ತದೆ, ಬೈಂಡ್ ಮಾಡಿದ ರಿಪೋರ್ಟೂ ಸಿಗುತ್ತದೆ. ಹೆಸರು, ಯುಎಸ್‌ಎನ್ ನಂಬರ್ ಮಾತ್ರ ಬದಲಿಸಿಕೊಂಡರಾಯಿತು. ಮಾರ್ಕು ಬಂತು, ವಿದ್ಯೆ ಬರಲಿಲ್ಲ.

ಗ್ರಾಫಿಕ್ಸ್ ವಿಷಯದಲ್ಲಿ ಇದು ಇನ್ನೂ ಹೆಚ್ಚು. ವಿಟಿಯುವಿನ 2018ರ ಸ್ಕೀಮಿನಲ್ಲಿ ಆರನೇ ಸೆಮಿಸ್ಟರಿಗೆ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬ್ ಇತ್ತು, ಅದರೊಟ್ಟಿಗೆ ಮಿನಿ ಪ್ರಾಜೆಕ್ಟ್. ನಮ್ಮವರೇ ಕಟ್ಟಿದ ಇನ್ನೋಳಿಯ ಬ್ಯಾರೀಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕಲಿತವರಿಗೂ, ನಡುಪದವಿನ ಪಿ.ಎ. ಇಂಜಿನಿಯರಿಂಗ್ ಕಾಲೇಜಿನವರಿಗೂ, ಬೆಂಗಳೂರಿಗೆ ಬಂದು ಸೇರಿದವರಿಗೂ ಅದೇ ಪಠ್ಯ. ಟ್ರಾಫಿಕ್ ಸಿಗ್ನಲ್, ಸೌರಮಂಡಲ, ಹಾರುವ ವಿಮಾನ ಇವೆಲ್ಲ ಮಾಮೂಲಿ ವಿಷಯಗಳು. ಮತ್ತೊಂದು ಮಾಮೂಲಿ ವಿಷಯ ಅಕ್ವೇರಿಯಂ. ನೀಲಿ ಹಿನ್ನೆಲೆ, ನಾಲ್ಕು ಕಿತ್ತಳೆ ಬಣ್ಣದ ಮೀನು, ಮೇಲೆ ಹೋಗುವ ಗುಳ್ಳೆ. ಮೀನು ಬಲಗಡೆಯಿಂದ ಹೊರಗೆ ಹೋದರೆ ಎಡಗಡೆಯಿಂದ ವಾಪಸು ಬರುತ್ತದೆ. ಓಪನ್‌ಜಿಎಲ್ ಕಲಿಯುವವರು ಬಳಸುವ ಗ್ಲಟ್ ಎಂಬ ಸಲಕರಣೆಯ ಜೊತೆ ‘ಅಟ್ಲಾಂಟಿಸ್’ ಎಂಬ ಮಾದರಿ ಪ್ರೋಗ್ರಾಂ ಮೊದಲಿನಿಂದಲೂ ಉಂಟು. ಅದರಲ್ಲಿ ಶಾರ್ಕ್, ತಿಮಿಂಗಿಲ, ಡಾಲ್ಫಿನ್ ಎಲ್ಲ ಈಜುತ್ತವೆ. ಅದನ್ನೇ ತಿರುಗಿಸಿ ಮುರುಗಿಸಿ ಕೊಟ್ಟರೆ ಮುಗಿಯಿತು ಎಂಬ ಲೆಕ್ಕಾಚಾರ.

ಶೇಷಾದ್ರಿಪುರದಲ್ಲಿ ಸಂಜೆ ಹೊತ್ತು ಹುಡುಗರಿಗೆ, ಹುಡುಗಿಯರಿಗೆ ಗ್ರಾಫಿಕ್ಸ್ ಹೇಳಿಕೊಡುವ ನಾನು ಈ ಅಕ್ವೇರಿಯಂಗೆ ಒಂದು ಷರತ್ತು ಹಾಕಿದ್ದೇನೆ. ಗಾಜಿನ ಪೆಟ್ಟಿಗೆ ಬೇಡ, ಕಡಲು ಮಾಡಿ. ಯಾವುದೋ ಕಡಲಲ್ಲ, ನಿಮಗೆ ಗೊತ್ತಿರುವ ಕಡಲು. ಅದರಲ್ಲಿ ಇರುವ ಪ್ರತಿ ಮೀನಿಗೂ ಹೆಸರಿರಬೇಕು. ಅದು ಏನನ್ನು ತಿನ್ನುತ್ತದೆ, ಅದನ್ನು ಯಾರು ತಿನ್ನುತ್ತಾರೆ ಎಂಬುದು ಕೋಡಿನಲ್ಲಿ ಇರಬೇಕು. ಈ ಷರತ್ತಿಗೆ ಸರಿಹೊಂದುವ ಸಿದ್ಧ ಪ್ರಾಜೆಕ್ಟ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕಡಲ ಸುದ್ದಿ ಗೊತ್ತಿರುವ ನಮ್ಮ ಮನೆಗಳಲ್ಲಿ ಮಾತ್ರ ಸಿಗುತ್ತದೆ ಎಂದು ಹೇಳಿದರೆ ಸ್ವಲ್ಪ ಜಂಬ ಆಯಿತೇನೋ. ಆದರೂ ಸುಳ್ಳಲ್ಲ.

ಶೇಷಾದ್ರಿಪುರಕ್ಕೂ ಕಡಲಿಗೂ ಎಂತ ಸಂಬಂಧ ಎಂದು ಕೇಳಬಹುದು. ಕಡಲಿನಿಂದ 350 ಕಿಲೋಮೀಟರ್ ದೂರ, 900 ಮೀಟರಿಗೂ ಹೆಚ್ಚು ಎತ್ತರ. ಆದರೆ ನೀರಿನ ಸಂಬಂಧ ಉಂಟು. ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳವೆ ನೀರು ತರಿಸಿದ ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರನ್ನೇ ಈ ಬಡಾವಣೆಗೆ ಇಟ್ಟದ್ದು. ಪಕ್ಕದ ಮೆಜೆಸ್ಟಿಕ್ ಬಸ್ ನಿಲ್ದಾಣ ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆ. ಅಂದರೆ ಮಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಕಣ್ಣುಜ್ಜುತ್ತಾ ಇಳಿಯುವ ನಮ್ಮ ಮಕ್ಕಳು ಇಳಿಯುವುದು ಕೆರೆಯ ತಳಕ್ಕೆ! ಖಾಸಗಿ ಬಸ್ಸಿನವರು ನಿಲ್ಲಿಸುವ ಆನಂದರಾವ್ ಸರ್ಕಲ್ಲೂ ಇಲ್ಲಿಂದ ನಡೆದು ಹೋಗುವಷ್ಟು ದೂರ. 1930ರಲ್ಲಿ ಒಂದು ಪ್ರಾಥಮಿಕ ಶಾಲೆಯಿಂದ ಶುರುವಾದ ಶೇಷಾದ್ರಿಪುರಂ ಶಿಕ್ಷಣ ದತ್ತಿಯ ಕಾಲೇಜುಗಳು ಇಲ್ಲೇ ಇರುವುದರಿಂದ ಪಿಜಿಗಳೂ ಇಲ್ಲಿ ಬೇಕಾದಷ್ಟು. ಕರಾವಳಿಯ ಹುಡುಗರು ಇಲ್ಲಿ ಸಿಗುವುದು ಆಶ್ಚರ್ಯವಲ್ಲ.

ಮೊದಲ ಜಗಳ ಬಣ್ಣದ್ದು

ಕಡಲು ಮಾಡಿ ಎಂದ ಕೂಡಲೇ ಎಲ್ಲರೂ ಹಚ್ಚುವುದು ನೀಲಿ. ಟಿವಿಯಲ್ಲಿ, ದುಬೈ ಮಾಲಿನ ಅಕ್ವೇರಿಯಂ ಎದುರು ಮಾಮ ತೆಗೆಸಿಕೊಂಡ ಫೋಟೋದಲ್ಲಿ ಕಂಡ ನೀಲಿ ಅದು. ‘ಉಳ್ಳಾಲದಲ್ಲಿ ನೀರು ಈ ಬಣ್ಣ ಉಂಟಾ?’ ಎಂದು ಕೇಳಿದರೆ ನಗುತ್ತಾರೆ. ಮಳೆಗಾಲದಲ್ಲಿ ನೇತ್ರಾವತಿ ಕೆಸರು ತಂದು ಸುರಿಯುವಾಗ ಅಳಿವೆಬಾಗಿಲಿನ ನೀರು ಚಹಾದ ಬಣ್ಣ. ಮಳೆ ನಿಂತ ಮೇಲೆ ಹಸಿರು. ಆ ಹಸಿರು ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳದ್ದು. ಬೂತಾಯಿಯ ಊಟವೇ ಅದು. ಹಾಗಾಗಿ ನೀರಿಗೆ ಬಣ್ಣ ಹಚ್ಚುವ ಕೆಲಸದಿಂದಲೇ ಆಹಾರದ ಲೆಕ್ಕ ಶುರುವಾಗುತ್ತದೆ.

ನೀರು ಬೆಳಕನ್ನು ನುಂಗುತ್ತದೆ. ಎಲ್ಲ ಬಣ್ಣವನ್ನೂ ಒಂದೇ ರೀತಿ ನುಂಗುವುದಿಲ್ಲ. ಮೊದಲು ಕೆಂಪು ಹೋಗುತ್ತದೆ. ಶುದ್ಧ ನೀರಿನಲ್ಲೇ ಐದು ಮೀಟರ್ ದಾಟುವಷ್ಟರಲ್ಲಿ ಕೆಂಪು ಬೆಳಕು ಐದನೇ ಒಂದು ಭಾಗಕ್ಕಿಂತ ಕಡಿಮೆ ಉಳಿದಿರುತ್ತದೆ, ನೀಲಿ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಮಾರುಕಟ್ಟೆಯ ಬುಟ್ಟಿಯಲ್ಲಿ ಗುಲಾಬಿ ಬಣ್ಣದಲ್ಲಿ ಹೊಳೆಯುವ ರಾಣಿ ಮೀನು ತನ್ನ ಮನೆಯಲ್ಲಿ, ಅಂದರೆ ಆಳದಲ್ಲಿ, ಮಬ್ಬುಬಣ್ಣದ ಮೀನು. ಅದರ ಕೆಂಪನ್ನು ತೋರಿಸಲಿಕ್ಕೆ ಅಲ್ಲಿ ಕೆಂಪು ಬೆಳಕೇ ಇಲ್ಲ. ಇದನ್ನು ಕೋಡಿನಲ್ಲಿ ತರಬೇಕು. ಹಳೆಯ ಓಪನ್‌ಜಿಎಲ್‌ನಲ್ಲಿ ‘ಫಾಗ್’ ಎಂಬ ಸೌಕರ್ಯ ಉಂಟು. ದೂರ ಹೆಚ್ಚಾದ ಹಾಗೆ ವಸ್ತು ಮಂಜಿನಲ್ಲಿ ಮುಳುಗುತ್ತದೆ. ಆದರೆ ಅದು ಕೆಂಪು, ಹಸಿರು, ನೀಲಿ ಮೂರನ್ನೂ ಒಟ್ಟಿಗೆ ಒಂದೇ ಪ್ರಮಾಣದಲ್ಲಿ ಮುಳುಗಿಸುತ್ತದೆ. ಕಡಲಿಗೆ ಅದು ಸಾಲದು. ಮೂರು ಬಣ್ಣಕ್ಕೆ ಮೂರು ಬೇರೆ ಬೇರೆ ಲೆಕ್ಕ ಬೇಕು, ಅದಕ್ಕೆ ಶೇಡರ್ ಬರೆಯಬೇಕು. ‘ಶೇಡರ್ ಯಾಕೆ ಸರ್, ಕಷ್ಟ’ ಎಂದು ಮುಖ ಸಪ್ಪೆ ಮಾಡುತ್ತಿದ್ದವರು, ರಾಣಿ ಮೀನು ಕೆಳಗಿಳಿಯುತ್ತಾ ಬಣ್ಣ ಕಳೆದುಕೊಳ್ಳುವುದನ್ನು ನೋಡಲಿಕ್ಕೋಸ್ಕರ ತಾವೇ ಕೂತು ಬರೆಯುತ್ತಾರೆ. ಪುಸ್ತಕದ ಘಾತೀಯ ಸೂತ್ರ ಅಲ್ಲಿ ಮೊದಲ ಸಲ ಅವರಿಗೆ ಉಪಯೋಗಕ್ಕೆ ಬೀಳುತ್ತದೆ.

ಎರಡನೇ ಪಾಠ ನಂಗ್ ಮೀನಿನಿಂದ. ಬ್ಲೆಂಡರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಮೀನಿನ ಆಕಾರ ಮಾಡುವಾಗ ಎಲ್ಲರೂ ಒಂದು ಸುಲಭದ ದಾರಿ ಹಿಡಿಯುತ್ತಾರೆ. ಅರ್ಧ ಮೀನು ಮಾಡುವುದು, ‘ಮಿರರ್’ ಒತ್ತುವುದು. ಇನ್ನರ್ಧ ತಾನೇ ಬರುತ್ತದೆ. ಬಂಗುಡೆಗೆ ಇದು ಸರಿ, ಅಂಜಲಿಗೆ ಸರಿ, ಮಾಂಜಿಗೂ ಸರಿ. ನಂಗಿಗೆ ಒತ್ತಿದರೆ ನಗೆಪಾಟಲು. ಅದರ ಎರಡು ಕಣ್ಣೂ ಒಂದೇ ಬದಿಯಲ್ಲಿ, ನಮ್ಮ ಕಡಲಿನ ನಂಗಿಗಾದರೆ ಎಡಬದಿಯಲ್ಲಿ. ಮೊಟ್ಟೆಯಿಂದ ಬರುವಾಗ ಎಲ್ಲ ಮೀನಿನ ಹಾಗೆ ಆಚೀಚೆ ಒಂದೊಂದು ಕಣ್ಣು. ಬೆಳೆಯುತ್ತಾ ಒಂದು ಕಣ್ಣು ತಲೆ ದಾಟಿ ಇನ್ನೊಂದು ಬದಿಗೆ ಬರುತ್ತದೆ, ಮೀನು ಅಡ್ಡ ಮಲಗಿ ಮರಳಿನ ಬಣ್ಣ ಪಡೆಯುತ್ತದೆ. ಇದನ್ನು ಮಾಡಿ ತೋರಿಸಿದವಳು ಒಬ್ಬ ಹುಡುಗಿ. ಉಮ್ಮನೊಟ್ಟಿಗೆ ಕೂತು ನಂಗಿನ ಚರ್ಮ ಸುಲಿದ ಕೈ ಅವಳದು. ಯಾವ ಬದಿ ಬಿಳಿ, ಯಾವ ಬದಿ ಕಂದು ಎಂದು ಅವಳಿಗೆ ಗೂಗಲ್ ಮಾಡಬೇಕಾಗಿ ಬರಲಿಲ್ಲ. ಬಳ್ಳಾರಿಯ, ಕೋಲಾರದ ಸಹಪಾಠಿಗಳು ಅವಳ ಸುತ್ತ ಕೂತು ಕೇಳಿಸಿಕೊಂಡರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಶಾಫಿಈ ಮನೆಗಳಲ್ಲಿ ಏಡಿ, ಸಿಗಡಿ, ಮರುವಾಯಿ ಎಲ್ಲವೂ ಅಡುಗೆಗೆ ಬರುತ್ತದೆ. ಪಿಜಿಯಲ್ಲಿ ಒಟ್ಟಿಗಿರುವ ಹನಫಿ ಗೆಳೆಯರು ಏಡಿ ಮುಟ್ಟುವುದಿಲ್ಲ, ಸಿಗಡಿಯ ಬಗ್ಗೆ ಅವರಲ್ಲೇ ಚರ್ಚೆ ಉಂಟು. ಫಿಕ್‌ಹಿನ ಆ ವ್ಯತ್ಯಾಸದಿಂದಾಗಿ ನಮ್ಮ ಮಕ್ಕಳ ಕಡಲಿನಲ್ಲಿ ಜೀವಿಗಳ ಸಂಖ್ಯೆ ಸ್ವಲ್ಪ ಜಾಸ್ತಿ ಎಂದು ತರಗತಿಯಲ್ಲಿ ತಮಾಷೆ ನಡೆಯುತ್ತದೆ.

ಹಿಂಡು ಹೇಗೆ ತಿರುಗುತ್ತದೆ?

ಒಂದು ಮೀನು ಮಾಡುವುದು ಆಕಾರದ ಕೆಲಸ. ಐನೂರು ಮೀನು ಒಟ್ಟಿಗೆ ಹೋಗುವುದು ಬೇರೆಯೇ ವಿದ್ಯೆ. ಬೂತಾಯಿ ಹಿಂಡಿಗೆ ನಾಯಕ ಇಲ್ಲ. ಯಾರೂ ‘ಬಲಕ್ಕೆ ತಿರುಗಿ’ ಎನ್ನುವುದಿಲ್ಲ, ಆದರೂ ಇಡೀ ಹಿಂಡು ಒಂದೇ ಸಲ ಹೊರಳುತ್ತದೆ. 1987ರಲ್ಲಿ ಅಮೆರಿಕದ ಕ್ರೇಗ್ ರೆನಾಲ್ಡ್ಸ್ ಇದನ್ನು ಕಂಪ್ಯೂಟರಿನಲ್ಲಿ ತಂದರು. ಅವರ ಪ್ರಕಾರ ಪ್ರತಿ ಮೀನಿಗೆ ಮೂರೇ ಮಾತು ಗೊತ್ತಿದ್ದರೆ ಸಾಕು. ಪಕ್ಕದವನಿಗೆ ಡಿಕ್ಕಿ ಹೊಡೆಯಬೇಡ. ಪಕ್ಕದವರು ಹೋಗುವ ದಿಕ್ಕಿಗೆ, ಅವರ ವೇಗದಲ್ಲೇ ಹೋಗು. ಗುಂಪು ಬಿಟ್ಟು ದೂರ ಹೋಗಬೇಡ. ಜಮಾಅತಿನ ಸಫ್ ಹೀಗೆಯೇ ಸರಿಯಾಗುತ್ತದಲ್ಲ ಎಂದು ಒಬ್ಬ ಹುಡುಗ ಹೇಳಿದ. ಸರಿ ಹೋಲಿಕೆಯೇ ಎನ್ನಬೇಕು, ಅಲ್ಲಿ ಇಮಾಮ್ ಇದ್ದಾರೆ ಎಂಬುದೊಂದು ಬಿಟ್ಟರೆ.

ಮೂರು ಮಾತು ಕೇಳಲಿಕ್ಕೆ ಸುಲಭ. ಆದರೆ ಐನೂರು ಮೀನಿನಲ್ಲಿ ಪ್ರತಿಯೊಂದೂ ಉಳಿದ 499ನ್ನು ನೋಡಿದರೆ ಒಂದು ಫ್ರೇಮಿಗೆ ಸುಮಾರು ಎರಡೂವರೆ ಲಕ್ಷ ಲೆಕ್ಕ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೂವರೆ ಕೋಟಿ. ಮೀನು ಐದು ಸಾವಿರವಾದರೆ ಲೆಕ್ಕ ಹತ್ತು ಪಟ್ಟು ಅಲ್ಲ, ನೂರು ಪಟ್ಟು ಏರುತ್ತದೆ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನ ಫ್ಯಾನ್ ಪಿಕ್‌ಅಪ್ ಗಾಡಿಯ ಹಾಗೆ ಶಬ್ದ ಮಾಡಲು ತೊಡಗುತ್ತದೆ. ಆಗ ಮಕ್ಕಳೇ ಕೇಳುತ್ತಾರೆ: ನಿಜವಾದ ಬೂತಾಯಿ ಎಲ್ಲರನ್ನೂ ನೋಡುತ್ತದಾ? ಇಲ್ಲ. ಹತ್ತಿರದವರನ್ನು ಮಾತ್ರ ಕಣ್ಣಿನಿಂದ ನೋಡುತ್ತದೆ, ನೀರಿನ ಅಲುಗಾಟವನ್ನು ಮೈಯಿಂದ ತಿಳಿಯುತ್ತದೆ. ಹಾಗಾದರೆ ಪ್ರೋಗ್ರಾಮಿನಲ್ಲೂ ಕಡಲನ್ನು ಚೌಕ ಚೌಕವಾಗಿ ಭಾಗ ಮಾಡಿ, ತನ್ನ ಚೌಕ ಮತ್ತು ಪಕ್ಕದ ಚೌಕದವರನ್ನು ಮಾತ್ರ ನೋಡುವ ಹಾಗೆ ಬರೆದರಾಯಿತು. ಡೇಟಾ ಸ್ಟ್ರಕ್ಚರ್ ಎಂಬ ವಿಷಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರಿಗೆ ಅದು ಯಾಕಿದೆ ಎಂದು ಅರ್ಥವಾಗುವುದು ಇಂತಹ ಹೊತ್ತಿನಲ್ಲಿ.

ಬೂತಾಯಿ ಹಿಂಡಿನ ಬಗ್ಗೆ ನಮ್ಮ ಹಿರಿಯರಿಗೆ ಗೊತ್ತಿದ್ದಷ್ಟು ರೆನಾಲ್ಡ್ಸ್‌ಗೂ ಗೊತ್ತಿರಲಿಕ್ಕಿಲ್ಲ. ರಂಪಣಿ ಬಲೆಯ ಕಾಲದಲ್ಲಿ ದಡದಲ್ಲಿ ನಿಂತೇ ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ ಮೀನು ಎಲ್ಲಿದೆ ಎಂದು ಹೇಳುವವರಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದು ರಂಪಣಿ ಹಿಂದೆ ಬಿತ್ತು, ಆ ಕಣ್ಣುಗಳಿಗೆ ಕೆಲಸ ಕಡಿಮೆಯಾಯಿತು. ಕಸಬಾ ಬೆಂಗ್ರೆಯಲ್ಲಿ, ಉಳ್ಳಾಲದಲ್ಲಿ, ದಕ್ಕೆಯಲ್ಲಿ ಅಂತಹ ಹಿರಿಯರು ಈಗಲೂ ಸಿಗುತ್ತಾರೆ. ರಾತ್ರಿ ಹೊತ್ತು ಹಿಂಡು ಹೊರಳಿದಾಗ ನೀರು ಮಿಣಮಿಣ ಬೆಳಗುವುದನ್ನು ಕಂಡವರು ಅವರು. ರಜೆಯಲ್ಲಿ ಊರಿಗೆ ಹೋಗುವ ಮಕ್ಕಳಿಗೆ ನಾನು ಕೊಡುವ ಹೋಂವರ್ಕ್ ಇಷ್ಟೇ: ಅಂಥವರೊಬ್ಬರ ಹತ್ತಿರ ಅರ್ಧ ಗಂಟೆ ಕೂತು ಬನ್ನಿ. ಅಂಜಲ್ ಬಂದಾಗ ಹಿಂಡು ಎಂತ ಮಾಡುತ್ತದೆ? ಒಡೆದು ಎರಡಾಗುತ್ತದಾ, ಉಂಡೆಯಾಗುತ್ತದಾ, ಮೇಲೆ ಬರುತ್ತದಾ? ಅದನ್ನು ಬ್ಯಾರಿ ಭಾಷೆಯಲ್ಲೇ ಬರೆದುಕೊಳ್ಳಿ, ಕೋಡನ್ನು ಆಮೇಲೆ ಬರೆಯುವ.

ಇದು ನಾನು ಕಂಡುಹಿಡಿದ ಕ್ರಮವೇನಲ್ಲ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಶಿಯಾವ್‌ಯುವಾನ್ ಟು ಎಂಬ ವಿದ್ಯಾರ್ಥಿನಿ ತನ್ನ ಗುರು ಡೆಮೆಟ್ರಿ ಟೆರ್ಜೊಪೌಲಸ್ ಜೊತೆ 1994ರಲ್ಲಿ ‘ಕೃತಕ ಮೀನು’ಗಳನ್ನು ಮಾಡಿದರು. ಅವರ ಮೀನು ಚಿತ್ರವಲ್ಲ, ಸ್ಪ್ರಿಂಗುಗಳಿಂದ ಕಟ್ಟಿದ ಮೈ. 23 ಬಿಂದುಗಳು, ಅವುಗಳನ್ನು ಜೋಡಿಸುವ 91 ಸ್ಪ್ರಿಂಗುಗಳು, ಅದರಲ್ಲಿ 12 ಸ್ನಾಯುಗಳು. ಸ್ನಾಯು ಬಿಗಿದರೆ ಬಾಲ ಬೀಸುತ್ತದೆ, ಬಾಲ ನೀರನ್ನು ತಳ್ಳುತ್ತದೆ, ಮೀನು ಮುಂದೆ ಹೋಗುತ್ತದೆ. ಅದಕ್ಕೆ ಹಸಿವೂ ಉಂಟು, ಹೆದರಿಕೆಯೂ ಉಂಟು. ಹಸಿವು ಜಾಸ್ತಿಯಾದರೆ ತಿನ್ನಲು ಹೋಗುತ್ತದೆ, ದೊಡ್ಡ ಮೀನು ಕಂಡರೆ ಊಟ ಬಿಟ್ಟು ಓಡುತ್ತದೆ. ಆ ಹುಡುಗಿಯ ಪಿಎಚ್.ಡಿ. ಪ್ರಬಂಧಕ್ಕೆ 1996ರಲ್ಲಿ ಕಂಪ್ಯೂಟರ್ ಲೋಕದ ದೊಡ್ಡ ಸಂಸ್ಥೆಯಾದ ಎಸಿಎಂ ತನ್ನ ಅತ್ಯುತ್ತಮ ಡಾಕ್ಟರೇಟ್ ಪ್ರಬಂಧದ ಪ್ರಶಸ್ತಿ ಕೊಟ್ಟಿತು. ಹೆಣ್ಣುಮಕ್ಕಳನ್ನು ಬೆಂಗಳೂರಿಗೆ ಕಳಿಸಲೋ ಬೇಡವೋ ಎಂದು ಲೆಕ್ಕ ಹಾಕುತ್ತಿರುವ ಬಾಪಂದಿರು ಈ ಸಾಲನ್ನು ಇನ್ನೊಮ್ಮೆ ಓದಬಹುದು.

ಮಕ್ಕಳೆಲ್ಲ ನೋಡಿರುವ ‘ಫೈಂಡಿಂಗ್ ನೀಮೊ’ ಸಿನಿಮಾ 2003ರದ್ದು. ಅದನ್ನು ಮಾಡುವ ಮೊದಲು ಪಿಕ್ಸಾರ್ ಕಂಪನಿಯವರು ಆಡಂ ಸಮ್ಮರ್ಸ್ ಎಂಬ ಮೀನಿನ ವಿಜ್ಞಾನಿಯಿಂದ ಪಾಠ ಹೇಳಿಸಿಕೊಂಡರು. ಯಾವ ಮೀನು ಬಾಲದಿಂದ ಈಜುತ್ತದೆ, ಯಾವುದು ರೆಕ್ಕೆಯಿಂದ ಎಂದು ಕಲಿತರು. ಹವಳದ ದೃಶ್ಯದಲ್ಲಿ ಅವರು ಚಳಿ ನೀರಿನಲ್ಲಿ ಬೆಳೆಯುವ ಕೆಲ್ಪ್ ಎಂಬ ಪಾಚಿಗಿಡ ಹಾಕಿದ್ದರಂತೆ. ಬಿಸಿ ನೀರಿನ ಹವಳದ ನಡುವೆ ಅದು ಬೆಳೆಯುವುದಿಲ್ಲ ಎಂದು ಸಮ್ಮರ್ಸ್ ಹೇಳಿ ತೆಗೆಸಿದರು. ನಮ್ಮ ತರಗತಿಯಲ್ಲೂ ಇಂಟರ್ನೆಟ್ಟಿನಿಂದ ಪುಕ್ಕಟೆ ಕೆಲ್ಪ್ ಇಳಿಸಿ ಮುರ್ಡೇಶ್ವರದ ನೇತ್ರಾಣಿ ದ್ವೀಪದ ಬುಡಕ್ಕೆ ನೆಡುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಕಡಲು ಖಾಲಿಯಾಗುವ ಲೆಕ್ಕ

ಬಣ್ಣ, ಆಕಾರ, ಹಿಂಡು ಇಷ್ಟು ಆದ ಮೇಲೆ ಉಳಿಯುವುದೇ ಅಸಲಿ ಕೆಲಸ. ಯಾರು ಯಾರನ್ನು ತಿನ್ನುತ್ತಾರೆ? ಹಸಿರು ಕಣಗಳನ್ನು ಬೂತಾಯಿ ತಿನ್ನುತ್ತದೆ, ಬೂತಾಯಿಯನ್ನು ಅಂಜಲ್ ತಿನ್ನುತ್ತದೆ, ಎರಡನ್ನೂ ನಾವು ತಿನ್ನುತ್ತೇವೆ. ಇದಕ್ಕೆ ನೂರು ವರ್ಷದಿಂದ ಒಂದು ಗಣಿತ ಉಂಟು, ಅದು ಹುಟ್ಟಿದ್ದೂ ಮೀನು ಮಾರುಕಟ್ಟೆಯಲ್ಲೇ. ಮೊದಲ ಮಹಾಯುದ್ಧದ ಕಾಲದಲ್ಲಿ ಇಟಲಿಯ ಪಕ್ಕದ ಏಡ್ರಿಯಾಟಿಕ್ ಕಡಲಿಗೆ ಮೀನುಗಾರರು ಸರಿಯಾಗಿ ಹೋಗಲಿಲ್ಲ. ಆ ವರ್ಷಗಳ ಮಾರುಕಟ್ಟೆ ಲೆಕ್ಕವನ್ನು ಉಂಬರ್ಟೊ ಡಿ’ಅಂಕೋನ ಎಂಬ ಜೀವಶಾಸ್ತ್ರಜ್ಞ ಪರಿಶೀಲಿಸಿದರು. ಫಿಯುಮೆ ಬಂದರಿನಲ್ಲಿ, ಈಗ ಅದು ಕ್ರೊಯೇಷಿಯಾದ ರಿಯೇಕಾ, ಶಾರ್ಕಿನಂಥ ಬೇಟೆ ಮೀನುಗಳ ಪಾಲು 1914ರಲ್ಲಿ ನೂರಕ್ಕೆ ಸುಮಾರು 12 ಇದ್ದದ್ದು 1918ಕ್ಕೆ ಸುಮಾರು 36 ಆಗಿತ್ತು. ಮೀನುಗಾರಿಕೆ ನಿಂತರೆ ಎಲ್ಲ ಮೀನೂ ಒಂದೇ ರೀತಿ ಹೆಚ್ಚಬೇಕಿತ್ತಲ್ಲ, ಬೇಟೆ ಮೀನು ಮಾತ್ರ ಯಾಕೆ? ಅವರು ತಮ್ಮ ಮಾವ, ಗಣಿತಜ್ಞ ವಿಟೊ ವೋಲ್ಟೆರಾ ಅವರನ್ನು ಕೇಳಿದರು. ಮಾವ 1926ರಲ್ಲಿ ಎರಡು ಸಮೀಕರಣ ಬರೆದು ಉತ್ತರ ಕೊಟ್ಟರು: ಬಲೆ ಬಂದಾಗ ತಿನ್ನುವವನಿಗೇ ಪೆಟ್ಟು ಜಾಸ್ತಿ. ಅವನೂ ಬಲೆಗೆ ಬೀಳುತ್ತಾನೆ, ಅವನ ಊಟವೂ ಬೀಳುತ್ತದೆ.

ಈ ಎರಡು ಸಮೀಕರಣ ಪರದೆಯ ಮೇಲೆ ಓಡುವಾಗ ಹುಡುಗರು ಗಂಟೆಗಟ್ಟಲೆ ನೋಡುತ್ತಾರೆ. ಬೂತಾಯಿ ಹೆಚ್ಚುತ್ತದೆ, ಅದರ ಹಿಂದೆ ಅಂಜಲ್ ಹೆಚ್ಚುತ್ತದೆ, ಬೂತಾಯಿ ಕುಸಿಯುತ್ತದೆ, ಅಂಜಲ್ ಹಸಿದು ಕುಸಿಯುತ್ತದೆ, ಮತ್ತೆ ಮೊದಲಿನಿಂದ. ಅದಕ್ಕೆ ಬಲೆ ಸೇರಿಸಿ, ಬಲೆಯನ್ನು ದೊಡ್ಡದು ಮಾಡುತ್ತಾ ಹೋದರೆ ಒಂದು ಹಂತದ ನಂತರ ಕಡಲು ಸುಮ್ಮನೆ ಖಾಲಿ. ನೀರು ಚೆನ್ನಾಗಿ ಹೊಳೆಯುತ್ತಿರುತ್ತದೆ, ಬೆಳಕಿನ ಜಾಲ ಮರಳಿನ ಮೇಲೆ ಆಡುತ್ತಿರುತ್ತದೆ, ಒಂದು ಮೀನೂ ಇರುವುದಿಲ್ಲ.

ಇದು ಆಟದ ಮಾತಲ್ಲ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದ ಪ್ರಕಾರ ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ನೂರರಲ್ಲಿ ಒಂದು ಪಾಲೂ ಅಲ್ಲ. ನೀರು ಬಿಸಿಯಾದದ್ದು, ಮಳೆಯ ಏರುಪೇರು, ಮರಿ ಮೀನನ್ನೂ ಬಿಡದೆ ಹಿಡಿದದ್ದು ಎಲ್ಲವೂ ಕಾರಣ ಎನ್ನುತ್ತಾರೆ ತಿಳಿದವರು. ಬಡವರ ಮೀನು ಎಂದು ಹೆಸರಿದ್ದ ಬೂತಾಯಿಯ ಬೆಲೆ ಆ ವರ್ಷಗಳಲ್ಲಿ ಎಲ್ಲಿಗೆ ಹೋಗಿತ್ತು ಎಂದು ಈ ಪುಟ ಓದುವ ಮನೆಯವರಿಗೆ ಹೇಳಬೇಕಾಗಿಲ್ಲ. ಮಂಗಳೂರು ಬಂದರಿಗೂ ಬ್ಯಾರಿ ವ್ಯಾಪಾರಿಗಳಿಗೂ ತಲೆತಲಾಂತರದ ನಂಟಿರುವ ಲಕ್ಷದ್ವೀಪದಲ್ಲಿ ಹವಳಗಳು 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಬಿಸಿ ನೀರಿಗೆ ಬೆಳ್ಳಗಾದವು. ಹವಳಕ್ಕೆ ಬಣ್ಣ ಕೊಡುವುದು ಅದರೊಳಗೆ ವಾಸಿಸುವ ಸಣ್ಣ ಪಾಚಿ. ನೀರು ಬಿಸಿಯಾದರೆ ಹವಳ ಅದನ್ನು ಹೊರಗೆ ಹಾಕುತ್ತದೆ, ಆಮೇಲೆ ಹಸಿಯುತ್ತದೆ. ತರಗತಿಯಲ್ಲಿ ಇದನ್ನು ಮಾಡಲು ಒಂದು ಸಂಖ್ಯೆ ಬದಲಿಸಿದರೆ ಸಾಕು, ನೀರಿನ ಉಷ್ಣತೆ. ಬಣ್ಣಬಣ್ಣದ ಹವಳ ಮಾಡಲು ಮೂರು ವಾರ ಕೂತ ಹುಡುಗನೊಬ್ಬ ಆ ಸಂಖ್ಯೆ ಏರಿಸಿದ ಮೇಲೆ ತನ್ನ ಕಡಲನ್ನು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮನೆಯವರ ಎರಡು ಪ್ರಶ್ನೆ

ಊರಿನಿಂದ ಬರುವ ಫೋನುಗಳಲ್ಲಿ ಎರಡು ಪ್ರಶ್ನೆ ಖಾಯಂ. ಮೊದಲನೆಯದು, ಜೀವ ಇರುವುದರ ರೂಪ ಮಾಡುವುದು ದೀನಿನಲ್ಲಿ ಸರಿಯಾ? ಇದಕ್ಕೆ ಫತ್ವಾ ಕೊಡುವುದು ಗ್ರಾಫಿಕ್ಸ್ ಮೇಷ್ಟ್ರ ಕೆಲಸವಲ್ಲ. ಜೀವಿಗಳ ಚಿತ್ರ, ವಿಗ್ರಹದ ಬಗ್ಗೆ ಹಿಂದಿನ ಉಲಮಾಗಳು ಕಟ್ಟುನಿಟ್ಟಾಗಿ ಹೇಳಿದ್ದು ಉಂಟು. ಪರದೆಯ ಮೇಲಿನ ಚಿತ್ರ, ಕಲಿಕೆಗಾಗಿ ಮಾಡುವ ಚಿತ್ರ ಬೇರೆ ಎಂದು ಹೇಳುವ ಈಗಿನ ಉಲಮಾಗಳೂ ಇದ್ದಾರೆ. ನಾನು ಹೇಳುವುದು ಒಂದೇ: ಉಸ್ತಾದರ ಹತ್ತಿರ ಕೇಳುವಾಗ ‘ಮಗ ಕಾರ್ಟೂನ್ ಮಾಡುತ್ತಾನೆ’ ಎಂದು ಅರ್ಧ ಮಾತು ಹೇಳಬೇಡಿ. ಏನು ಮಾಡುತ್ತಾನೆ, ಯಾತಕ್ಕೆ ಮಾಡುತ್ತಾನೆ, ಸಾಧ್ಯವಾದರೆ ಲ್ಯಾಪ್‌ಟಾಪಿನಲ್ಲೇ ತೋರಿಸಿ ಕೇಳಿ. ಸಂಶಯ ಉಳಿದವರಿಗೆ ನೀರು, ಬೆಳಕು, ಅಲೆ, ಮರಳು, ಪಾಚಿಗಿಡ ಇಷ್ಟರಲ್ಲೇ ಒಂದು ಸೆಮಿಸ್ಟರಿಗೆ ಆಗಿ ಮಿಗುವಷ್ಟು ಕೆಲಸ ಉಂಟು. ಹಾಗೆ ಆರಿಸಿಕೊಂಡವರು ಇದ್ದಾರೆ, ಅವರ ಅಲೆಗಳು ಉಳಿದವರ ಮೀನಿಗಿಂತ ಚೆನ್ನಾಗಿ ಬಂದಿವೆ.

ಎರಡನೆಯದು ಕೆಲಸದ್ದು. ಇದಕ್ಕೆ ಸಿಹಿ ಉತ್ತರ ಕೊಡುವ ಜಾಹೀರಾತುಗಳು ಬೇಕಾದಷ್ಟು ಉಂಟು, ನಾನು ಕೊಡುವುದಿಲ್ಲ. ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಉದ್ಯಮಕ್ಕಾಗಿಯೇ ಕರ್ನಾಟಕ 2012ರಲ್ಲಿ ಒಂದು ನೀತಿ ತಂದಿತ್ತು, ಅದು ಒಳ್ಳೆಯದೇ. ಆದರೆ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ಅಂತರರಾಷ್ಟ್ರೀಯ ಕಂಪನಿ ಕುಸಿದಾಗ ಬೆಂಗಳೂರಿನಲ್ಲಿ ಅದರ ಸ್ಟುಡಿಯೋಗಳಲ್ಲಿದ್ದ ಸಾವಿರಾರು ಮಂದಿ ಒಮ್ಮೆಲೇ ಕೆಲಸ ಕಳೆದುಕೊಂಡರು. ಹಾಲಿವುಡ್ ಸಿನಿಮಾದ ಕೊನೆಯಲ್ಲಿ ಹೆಸರು ಬಂದವರೂ ಅವರಲ್ಲಿದ್ದರು. ಹಾಗಿರುವಾಗ ಉಮ್ಮನ ಬಂಗಾರ ಅಡವಿಟ್ಟು, ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಎಂಬ ಬೋರ್ಡು ನೋಡಿ ಲಕ್ಷಗಟ್ಟಲೆ ಫೀಸು ಕಟ್ಟಬೇಡಿ ಮಾರ್ರೆ. ಸಾಫ್ಟ್‌ವೇರಿನ ಬಟನ್ ಎಲ್ಲಿದೆ ಎಂದು ಮಾತ್ರ ಕಲಿತವನಿಗೆ ಆ ಸಾಫ್ಟ್‌ವೇರ್ ಹಳತಾದ ದಿನವೇ ಕಷ್ಟ. ಬೆಳಕು ನೀರಿನಲ್ಲಿ ಯಾಕೆ ಕಡಿಮೆಯಾಗುತ್ತದೆ, ಐನೂರು ಮೀನಿನ ಲೆಕ್ಕವನ್ನು ಹೇಗೆ ಹಗುರ ಮಾಡಬೇಕು ಎಂದು ಕಲಿತವನಿಗೆ ಸಿನಿಮಾ ಬಿಟ್ಟು ಬೇರೆ ಬಾಗಿಲುಗಳೂ ಉಂಟು. ಗೇಮ್ ಇರಲಿ, ಆಸ್ಪತ್ರೆಯ ಸ್ಕ್ಯಾನಿನ ಚಿತ್ರ ತೋರಿಸುವ ಸಾಫ್ಟ್‌ವೇರ್ ಇರಲಿ, ಬಂದರಿನಲ್ಲಿ ಹಡಗು ನಡೆಸುವ ತರಬೇತಿಯ ಸಿಮ್ಯುಲೇಟರ್ ಇರಲಿ, ಒಳಗಿನ ಗಣಿತ ಒಂದೇ. ಬ್ಲೆಂಡರಿಗೆ ದುಡ್ಡಿಲ್ಲ, ಓಪನ್‌ಜಿಎಲ್‌ಗೂ ಇಲ್ಲ. ಎರಡು ವರ್ಷ ಹಳೆಯ ಲ್ಯಾಪ್‌ಟಾಪ್ ಸಾಕು. ಪ್ರಾಜೆಕ್ಟಿಗೆ ದುಡ್ಡು ಬೇಕು ಎಂದು ಮಗ ಕೇಳಿದರೆ ಯಾಕೆ ಎಂದು ಒಂದು ಮಾತು ಕೇಳಿ.

ಈಗಿನ ಬ್ಯಾಚಿನಲ್ಲಿ ಒಂದು ಗುಂಪು ಬಲೆಯ ಕೆಲಸದಲ್ಲಿದೆ. ಬೂತಾಯಿ ಹಿಂಡು ಚೆನ್ನಾಗಿ ಹೊರಳುತ್ತದೆ, ಅಂಜಲ್ ಬಂದಾಗ ಒಡೆದು ಮತ್ತೆ ಕೂಡುತ್ತದೆ. ಪರ್ಸಿನ್ ಬಲೆ ಸುತ್ತಿ ಬರುವುದೂ ಆಗಿದೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ, 14 ಸೆಂಟಿಮೀಟರಿಗಿಂತ ಸಣ್ಣ ಬಂಗುಡೆ ಹಿಡಿಯಬಾರದು ಎಂಬ ನಿಯಮ ಉಂಟು. ಆ ನಿಯಮ ಇಟ್ಟು ಒಮ್ಮೆ, ತೆಗೆದು ಒಮ್ಮೆ, ಹತ್ತು ವರ್ಷದ ಕಡಲನ್ನು ಓಡಿಸಿ ನೋಡುವುದು ಅವರ ಯೋಜನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಇಳಿಯಬಾರದು ಎಂಬ ನಮ್ಮ ಮಳೆಗಾಲದ ನಿಷೇಧವನ್ನೂ ಸೇರಿಸಿದ್ದಾರೆ. ಗುಂಪಿನ ಒಬ್ಬನ ಬಾಪ ದಕ್ಕೆಯಲ್ಲಿ ಬೋಟಿನ ಪಾಲುದಾರ. ಬಲೆಯ ಕಣ್ಣು ಎಷ್ಟು ಇಡಬೇಕು ಎಂದು ಕೇಳಲು ಕಳೆದ ವಾರ ತರಗತಿಯಿಂದಲೇ ಫೋನ್ ಮಾಡಿದ. ಸ್ಪೀಕರಿನಲ್ಲಿ ಇಟ್ಟಿದ್ದ. ‘ಎಂತಕ್ಕೆ ಮೋನೆ ಇದೆಲ್ಲ?’ ಎಂದರು ಆಚೆಯಿಂದ. ವಿವರಿಸಿದ. ಸ್ವಲ್ಪ ಹೊತ್ತು ಐಸ್ ಪುಡಿ ಮಾಡುವ ಶಬ್ದ ಮಾತ್ರ ಕೇಳುತ್ತಿತ್ತು. ಆಮೇಲೆ ಅವರು, ‘ಸರಕಾರ ಹೇಳುವ ಅಳತೆ ಬೇಕಾ, ನಾವು ಹಾಕುವ ಅಳತೆ ಬೇಕಾ?’ ಎಂದು ಕೇಳಿದರು. ‘ಎರಡೂ ಹೇಳಿ ಬಾಪ’ ಎಂದು ಇವನು ಪೆನ್ನು ತೆಗೆದ.